ಆಚೆ ದಂಡೆಯಿಂದ ಕೆರೆ

೭ ನವೆಂಬರ್ ೧೯೬೦

ದೀಪಾವಳಿ ರಜೆ ಮುಗಿದು ಇಂದು ಚಿತ್ರಕಲಾ ಶಾಲೆ ಶುರುವಾಯಿತು. ನನ್ನದು ಕೊನೆಯ ವರ್ಷ. ಏಪ್ರಿಲ್‌ನಲ್ಲಿ ಪರೀಕ್ಷೆ ಪಾಸಾದರೆ ಯಾವುದಾದರೂ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಬಹುದು. ಪಾಸಾಗದಿದ್ದರೆ ಏನು ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಗುರುಸಿದ್ದಯ್ಯ ಮಾಸ್ತರರು ಇನ್ನು ಮುಂದೆ ರವಿವಾರ ಬಯಲಿಗೆ ಹೋಗಿ ನಿಸರ್ಗಚಿತ್ರ ಬರೆಯಬೇಕು ಅಂದರು. ಇಷ್ಟು ದಿನ ಹೂಜಿ, ಬಾಳೆಹಣ್ಣು, ಮಡಿಸಿದ ಬಟ್ಟೆ ಬರೆದದ್ದಾಯಿತು. ಇನ್ನು ಗುಡ್ಡ, ಗಿಡ, ನೀರು. ನಿಸರ್ಗಚಿತ್ರ ಹೇಗೆ ಹುಟ್ಟಿತು, ಹೇಗೆ ಬೆಳೆಯಿತು ಎನ್ನುವುದರ ಮೇಲೆ ಪರೀಕ್ಷೆಯಲ್ಲಿ ಒಂದು ಪತ್ರಿಕೆಯೂ ಇದೆಯಂತೆ.

ಧಾರವಾಡದಿಂದ ಹುಬ್ಬಳ್ಳಿಗೆ ಬಂದು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಗಂಡುಹುಡುಗ್ರ ಜೋಡಿ ಅಡವ್ಯಾಗ ಕುಂತು ಏನ್ ಬರೀತಿ? ಗಿಡಾ ನೋಡಾಕ ಸಾಲಿಗೆ ಹೋಗಬೇಕೇನು?"

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಗೂಡ್ಸ್ ಡಬ್ಬಿಗಳ ಮೇಲೆ ನಂಬರು ಬರೆಯುತ್ತಾನೆ. ನಾನು ಅಂಕಿ ಕಲಿತದ್ದು ಅವನ ಕುಂಚ ಹಿಡಿದೇ. ಅವನು ನಗುತ್ತ, "ನೀನೂ ಹೋಗು ಜೋಡಿ. ಆಕಿ ಬರೀಲಿ, ನೀ ಕಾಯಿ" ಅಂದ.

ತಮಾಷೆಗೆ ಅಂದದ್ದು. ಆದರೆ ಅವ್ವ ಹೂಂ ಅಂದುಬಿಟ್ಟಳು. ಈಗ ನಾಚಿಕೆಯಾಗುತ್ತಿದೆ. ತರಗತಿಯಲ್ಲಿ ನಾನು, ರತ್ನವ್ವ ಇಬ್ಬರೇ ಹೆಣ್ಣುಮಕ್ಕಳು. ರತ್ನವ್ವನ ಮನೆಯವರು ದುರ್ಗದಬೈಲಿನಲ್ಲಿ ಹತ್ತಿ ವ್ಯಾಪಾರ ಮಾಡುವವರು. ಅವಳ ಜೊತೆ ಯಾರೂ ಬರುವುದಿಲ್ಲ.

೧೩ ನವೆಂಬರ್, ರವಿವಾರ

ಉಣಕಲ್ ಕೆರೆಗೆ ಹೋಗಿದ್ದೆವು. ಅವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಮಾಸ್ತರರು ಅವಳಿಗೆ ಕೈ ಮುಗಿದು, "ಬರ್ರಿ ತಾಯಿ, ಇಲ್ಲೆ ನೆರಳೈತಿ" ಅಂದರು. ಅವಳು ನೆರಳಿಗೆ ಹೋಗಿ ನೀರಿಗೆ ಬೆನ್ನು ಮಾಡಿ ಕೂತಳು. ಇಡೀ ದಿನ ರಸ್ತೆಯ ಕಡೆಗೇ ನೋಡುತ್ತಿದ್ದಳು. ರತ್ನವ್ವ, "ನಿಮ್ಮವ್ವಾರಿಗೆ ಕೆರಿ ಸೇರೂದಿಲ್ಲೇನು?" ಎಂದು ಕೇಳಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದೆ. ಬಿಸಿಲು ನಮ್ಮ ಬೆನ್ನ ಹಿಂದಿತ್ತು.

ಮಾಸ್ತರರು ಒಂದು ಜಾಗ ತೋರಿಸಿದರು. ಎಲ್ಲರೂ ಅಲ್ಲೇ ಸಾಲಾಗಿ ಕೂತೆವು. ಮೊದಲು ಆಕಾಶ, ಆಮೇಲೆ ದೂರದ ಗಿಡ, ಕೊನೆಗೆ ಹತ್ತಿರದ್ದು. ದೂರದ್ದಕ್ಕೆಲ್ಲ ನೀಲಿ ಬೆರೆಸಬೇಕು. ನನಗೆ ದೂರದ ಗಿಡವೂ ಹಸಿರಾಗಿಯೇ ಕಂಡಿತು. ಆದರೂ ನೀಲಿ ಬೆರೆಸಿದೆ. ಮಾಸ್ತರರು ಛಲೋ ಆತು ಅಂದರು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ತಿಳಿಯದು.

೨೨ ನವೆಂಬರ್

ಇತಿಹಾಸದ ಪಾಠ. ಮಾಸ್ತರರು ಮುಂಬಯಿಯಲ್ಲಿ ಕಲಿಯುವಾಗ ಕೂಡಿಸಿದ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಇಟ್ಟಿದ್ದಾರೆ. ಒಂದೊಂದನ್ನೇ ಗೋಡೆಗೆ ಒರಗಿಸುತ್ತ ಹೋದರು.

"ಮೊದಲಿಗೆ ದೇವರು, ರಾಜರು ಮುಂದ. ಗುಡ್ಡಾ, ನದಿ ಎಲ್ಲಾ ಅವರ ಬೆನ್ನಿಂದ. ನಾಟಕದ ಪರದೆ ಇದ್ದಂಗ. ಬರಬರತಾ ಮನಷ್ಯಾ ಸಣ್ಣಾವಾದ. ನೆಲಾ ದೊಡ್ಡದಾತು. ಹಾಲೆಂಡಿನವರ ಚಿತ್ರದಾಗ ನೋಡ್ರಿ, ಮುಕ್ಕಾಲು ಆಕಾಶನೇ ಐತಿ, ಮನಷ್ಯಾ ಇರಿವಿಯಷ್ಟು. ಕಡೀಕ ಇಂಗ್ಲೆಂಡಿನವರು ಬಂದ್ರು, ಮನಷ್ಯಾ ಪೂರಾ ಹೊರಗ ಹೋದ. ಬರೇ ಬಯಲು ಉಳೀತು. ಇದಕ್ಕ ವಿಕಾಸ ಅಂತಾರ."

ಇಂಗ್ಲಿಷ್ ಅಧಿಕಾರಿಗಳು ನಮ್ಮ ಕಡೆಯ ಗುಡ್ಡ, ಕೋಟೆ, ಕೆರೆಗಳನ್ನೂ ಬರೆದುಕೊಂಡು ಹೋದರಂತೆ. ಆ ಬರೆಯುವ ರೀತಿ ಅವರಿಂದ ಮುಂಬಯಿಯ ಶಾಲೆಗೆ, ಅಲ್ಲಿಂದ ಮಾಸ್ತರರಿಗೆ, ಅವರಿಂದ ನಮಗೆ.

ಚೀನಾದ ಉದ್ದನೆಯ ಚಿತ್ರವೊಂದಿತ್ತು. ಅದರಲ್ಲಿ ನೋಡುವವನು ಒಂದೇ ಕಡೆ ನಿಂತಿರುವುದಿಲ್ಲವಂತೆ, ದಾರಿ ಹಿಡಿದು ಒಳಗೆ ನಡೆಯುತ್ತ ಹೋಗುತ್ತಾನಂತೆ. ಅದನ್ನು ಮಾಸ್ತರರು ಬೇಗ ತೆಗೆದಿಟ್ಟರು. ಪರೀಕ್ಷೆಗೆ ಅದು ಹೆಚ್ಚು ಬರುವುದಿಲ್ಲ.

ಎಲ್ಲ ಬರೆದುಕೊಂಡೆ. ಆದರೆ ಮನುಷ್ಯ ಹೊರಗೆ ಹೋದದ್ದು ವಿಕಾಸ ಹೇಗಾಗುತ್ತದೆ? ಎಲ್ಲಿಗೆ ಹೋದ? ಕೇಳಬೇಕೆಂದಿದ್ದೆ, ಗಂಟೆ ಬಾರಿಸಿತು. ಬಾರಿಸದಿದ್ದರೂ ಕೇಳುತ್ತಿರಲಿಲ್ಲವೇನೋ.

೫ ಡಿಸೆಂಬರ್

ನಮ್ಮ ತರಗತಿಯ ಕುಬೇರಪ್ಪನ ಸೋದರಮಾವ ಒಂದು ಊರಿನ ಗೌಡರು. ಆ ಊರಿನ ಕೆರೆ ಬಹಳ ಚಂದವಂತೆ. ಮುಂದಿನ ವಾರದ ರವಿವಾರ ಎಲ್ಲರೂ ಅಲ್ಲಿಗೆ, ಊಟ ಗೌಡರ ಮನೆಯಲ್ಲಿ. ಊರಿನ ಹೆಸರು ಹೊಂಗಲಗಟ್ಟಿ.

ಹೊಂಗಲಗಟ್ಟಿ ಅವ್ವನ ತವರೂರು. ನಾನು ಹುಟ್ಟಿದ್ದೂ ಅಲ್ಲೇ. ತಿಳಿವಳಿಕೆ ಬಂದ ಮೇಲೆ ಒಮ್ಮೆಯೂ ನೋಡಿಲ್ಲ. ಅವ್ವ ಕರೆದುಕೊಂಡು ಹೋಗಿಲ್ಲ.

ಹಿಗ್ಗಿನಿಂದ ಹೇಳಿದೆ. ಅವ್ವ, "ನಾ ಬರೂದಿಲ್ಲ. ನೀನೂ ಹೋಗಬ್ಯಾಡ" ಅಂದಳು. ಯಾಕೆಂದು ಕೇಳಿದರೆ ಒಲೆ ಊದತೊಡಗಿದಳು.

೬ ಡಿಸೆಂಬರ್

ಅಪ್ಪನಿಗೂ ಅವ್ವನಿಗೂ ಮಾತಾಯಿತು. ಮೂರು ವರ್ಷದ ಹಿಂದೆ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದ ಮೇಲೆ ಅಪ್ಪ ಎಲ್ಲದಕ್ಕೂ ಕಾಯ್ದೆ ಹೇಳುತ್ತಾನೆ. "ಯಾ ಊರಿಗೆ ಬೇಕಾದ್ರೂ ಹೋಗಲಿ, ಎಲ್ಲಿ ಬೇಕಾದ್ರೂ ಕುಂದರಲಿ. ಆಕೀದು ಪರೀಕ್ಷಾ ಐತಿ." ಅವ್ವ ಗೂಡಿನಲ್ಲಿದ್ದ ದುರಗವ್ವನ ಮುಂದೆ ದೀಪ ಹಚ್ಚಿದಳು. ಪಕ್ಕದಲ್ಲೇ ಅಪ್ಪ ತಂದಿಟ್ಟ ಬುದ್ಧನ ಪಟವಿದೆ. ಒಂದೇ ದೀಪ ಇಬ್ಬರಿಗೂ ಬೀಳುತ್ತದೆ. ಅಪ್ಪ ಅದನ್ನು ನೋಡಿಯೂ ಸುಮ್ಮನಿರುತ್ತಾನೆ.

ಕೊನೆಗೆ ಅವ್ವ ಅಂದದ್ದು ಇಷ್ಟೇ: "ಯಾರ ಮಗಳು ಅಂತ ಕೇಳಿದ್ರ ಹುಬ್ಬಳ್ಳಿಯಾಕಿ ಅನ್ನು. ಮುಂದಕ್ಕ ಏನೂ ಅನ್ನಬ್ಯಾಡ."

೧೮ ಡಿಸೆಂಬರ್, ರವಿವಾರ

ಮುಗದ ಸ್ಟೇಷನ್ನಿನಲ್ಲಿ ಇಳಿದು ನಡೆದೆವು. ಎರಡೂ ಕಡೆ ಜೋಳ, ಎದೆಯುದ್ದ. ಊರು ದಾಟಿದ ಕೂಡಲೇ ಕೆರೆ ಕಂಡಿತು. ಅಷ್ಟು ನೀರನ್ನು ಒಮ್ಮೆಲೇ ನೋಡಿ ಎಲ್ಲರೂ ನಿಂತೆವು.

ಈಚೆ ದಂಡೆಯಲ್ಲಿ ಗುಡಿ. ಗುಡಿಯಿಂದ ನೀರಿಗೆ ಕಲ್ಲಿನ ಪಾವಟಿಗೆಗಳು, ಅಗಲವಾಗಿ, ನೀಟಾಗಿ. ಮಾಸ್ತರರು ಮೇಲಿನ ಪಾವಟಿಗೆಯ ಮೇಲೆ ನಿಂತು ಕೈಬೆರಳಿನಿಂದ ಚೌಕಟ್ಟು ಮಾಡಿ ನೋಡಿ, "ಇದ ಜಾಗಾ. ಕುಂದರ್ರಿ" ಅಂದರು. ಕೂತೆ. ಎದುರು ದಂಡೆ ಬರೀ ಜಾಲಿ ಪೊದೆ. ಅದರ ಹಿಂದೆ ಗುಡ್ಡ ತೆಳುವಾಗಿ.

ಬಣ್ಣ ಕಲೆಸಲು ನೀರು ಬೇಕಲ್ಲ, ಡಬ್ಬಿ ಹಿಡಿದು ಪಾವಟಿಗೆ ಇಳಿದೆ. ಕೆಳಗೆ ಒಬ್ಬ ಮುದುಕಿ ಕೊಡ ತುಂಬುತ್ತಿದ್ದಳು. ನನ್ನ ಮುಖವನ್ನೇ ನೋಡಿದಳು.

"ಯಾರ ಪೈಕಿ ಅವಾ ನೀ?"

"ಹುಬ್ಬಳ್ಳಿಯಾಕಿರಿ."

"ಎಲ್ಲೋ ನೋಡಿದಂಗ ಆಕ್ಕತಿ" ಎಂದು ಕೊಡ ಎತ್ತಿಕೊಂಡು ಹೋದಳು. ನಾನು ಡಬ್ಬಿ ಅದ್ದಿದೆ. ನೀರು ತಣ್ಣಗಿತ್ತು. ಸುಳ್ಳೇನೂ ಹೇಳಿರಲಿಲ್ಲ.

ಊಟವನ್ನು ಮನೆಯ ಹೊರಗೆ ಬೇವಿನ ಗಿಡದ ಕೆಳಗೆ ಹಾಕಿಸಿದ್ದರು. ರೊಟ್ಟಿ, ಎಣ್ಣೆಗಾಯಿ, ಝುಣಕ. ಪತ್ರಾವಳಿಯ ಮೇಲೆ ಬಡಿಸಿ, ಮಣ್ಣಿನ ಕುಡಿಕೆಯಲ್ಲಿ ನೀರು ಕೊಟ್ಟರು. ಗಾಳಿ ತಂಪಾಗಿತ್ತು. ಗೌಡರ ಹೆಸರು ಅಡಿವೆಪ್ಪಗೌಡರು. ಎಲ್ಲರ ಚಿತ್ರ ನೋಡುತ್ತ ಬಂದು ನನ್ನದರ ಮುಂದೆ ಬಹಳ ಹೊತ್ತು ನಿಂತರು. "ನಮ್ಮ ಕೆರಿ ಹಿಂಗ ಐತಿ ಅಂತ ನನಗ ಗೊತ್ತಿರಲಿಲ್ಲ" ಅಂದರು.

ಇವತ್ತಿನ ಚಿತ್ರ ಇಲ್ಲಿಯವರೆಗಿನ ಎಲ್ಲದಕ್ಕಿಂತ ಚಂದ ಬಂದಿದೆ. ನೀರು ನೀರಾಗಿಯೇ ಇದೆ. ದೂರದ ಗುಡ್ಡ ನಿಜಕ್ಕೂ ನೀಲಿಯಾಗಿತ್ತು. ಮೂಲೆಯಲ್ಲಿ ಹೆಸರು ಬರೆದೆ.

ಮನೆಗೆ ಬಂದಾಗ ಅವ್ವ ಒಂದೇ ಮಾತು ಕೇಳಿದಳು. "ಪಾವಟಿಗಿ ಇಳದಿ ಏನು?" ಹೂಂ ಅಂದೆ. "ಗಟ್ಟಿ ಅದಾವೇನು?" ಅಂದಳು. ಹೂಂ ಅಂದೆ.

೨೭ ಡಿಸೆಂಬರ್

ಮಾರ್ಚ್‌ನಲ್ಲಿ ಧಾರವಾಡದಲ್ಲಿ ಶಾಲೆಯ ಪ್ರದರ್ಶನ. ನನ್ನ ಕೆರೆಯ ಚಿತ್ರವನ್ನು ಎದುರು ಗೋಡೆಗೆ ಹಾಕುತ್ತಾರಂತೆ. ಪ್ರದರ್ಶನ ಮುಗಿದ ಮೇಲೆ ಗೌಡರಿಗೆ ಅದು ಬೇಕಂತೆ, ಪಡಸಾಲೆಗೆ ತೂಗುಹಾಕಲು. ಕುಬೇರಪ್ಪ ಬಂದು ಹೇಳಿದ. ರತ್ನವ್ವ ನನ್ನ ಕೈ ಹಿಡಿದು ಕುಣಿಸಿದಳು. ನನಗೂ ಹಿಗ್ಗಾಯಿತು. ಮನೆ ಮುಟ್ಟುವ ಹೊತ್ತಿಗೆ ಆ ಹಿಗ್ಗು ಎಲ್ಲಿ ಹೋಯಿತೋ.

೧ ಜನವರಿ ೧೯೬೧, ರವಿವಾರ

ಚಿತ್ರ ಮನೆಗೆ ತಂದಿದ್ದೆ. ಪಕ್ಕದ ಮನೆಯ ಹಾಜರಾಬಿ ಚಾಚಿ ಬಂದು ನೋಡಿ, "ಯಾ ಅಲ್ಲಾ, ಕೈ ಹಾಕಿದ್ರ ತೋಯ್ತೈತಿ ಇದು" ಅಂದಳು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ದೂರದಿಂದಲೇ ನೋಡಿದಳು. ಅವಳಿಗೆ ಓದು ಬಾರದು. ಮೂಲೆಗೆ ಬೆರಳು ತೋರಿಸಿ, "ಅದೇನು ಬರದೀ?" ಅಂದಳು.

"ನನ್ನ ಹೆಸರವಾ. ಮುತ್ತವ್ವ."

"ಕೆರಿ ಒಳಗ ಬರದೀ?"

"ಕೆರಿ ಒಳಗ ಅಲ್ಲ, ಚಿತ್ರದ ಮೂಲ್ಯಾಗ."

ಅವ್ವ ತಿರುಗಿ ಒಳಗೆ ಹೋದಳು. ಆಮೇಲೆ ಊಟಕ್ಕೂ ಬರಲಿಲ್ಲ.

೩ ಜನವರಿ

ಅವ್ವ ಹೇಳಿದಳು. ನಾನು ಕೇಳಿರಲಿಲ್ಲ. ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದಳು. ಕೇಳಿದಂತೆಯೇ ಬರೆದಿಡುತ್ತೇನೆ.

"ನಾ ನಿನ್ನ ಹಡಿಯಾಕ ಅಲ್ಲಿಗೆ ಹೋಗಿದ್ದೆ. ನಮಗ ಗುಡಿ ಕಡೆ ಬರಾಕ ಇರಲಿಲ್ಲ. ಪಾವಟಿಗಿ ತುಳಿಯಾಕ ಇರಲಿಲ್ಲ. ನಮ್ಮ ಕೇರಿದು ಆಚಿ ದಂಡಿ. ಅಲ್ಲೆ ಕಲ್ಲಿಲ್ಲ ಏನಿಲ್ಲ, ಬರೇ ಎರಿಮಣ್ಣು, ಜಾರೂದು. ದಿನಾ ನಾ ಹೋಗಾಕಿ. ತುಂಬಿದ ಬಸರಿ ಆದ ಮ್ಯಾಲೆ ನನ್ನ ತಂಗಿ, ನೀ ಕುಂದ್ರಕ್ಕ, ನಾ ತರ್ತೀನಿ ಅಂದ್ಲು. ಕೊಡಾ ತಗೊಂಡು ಹೋದ್ಲು. ಕೊಡಾ ತೇಲಿ ಬಂತು."

ಅಕ್ಕಿ ಆರಿಸುತ್ತಲೇ ಇದ್ದಳು.

"ಪಾವಟಿಗಿ ಮ್ಯಾಲೆ ಮಂದಿ ಇದ್ರು. ನೋಡಿದ್ರು. ಈಸ ಬರೋರು ಇದ್ರೋ ಇಲ್ಲೋ ನನಗ ಗೊತ್ತಿಲ್ಲ. ನೀರು ಬಾಳ ಅಗಲ ಐತಿ. ಸುತ್ತುಹಾಕಿ ಬರೂದ್ರಾಗ ಆಗಿತ್ತು. ನಾ ಯಾರ ಮ್ಯಾಲೂ ಏನೂ ಅನ್ನೂದಿಲ್ಲ."

"ಆಕಿ ಹೆಸರೇನವಾ?"

"ನಿನಗ ಇಟ್ಟೀನಲ್ಲ."

೯ ಜನವರಿ

ಏನೂ ಬರೆಯಲಾಗುತ್ತಿಲ್ಲ. ಚಿತ್ರವನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟೆ. ಆಮೇಲೆ ತಿರುಗಿಸಿದೆ. ಮತ್ತೆ ಇಟ್ಟೆ.

೧೭ ಜನವರಿ

ಕುಬೇರಪ್ಪನಿಗೆ ಎಲ್ಲ ಹೇಳಬೇಕೆಂದು ಶಾಲೆಯ ಹಿಂದಿನ ಕಟ್ಟೆಗೆ ಕರೆದೆ. ನಾನು ಯಾರ ಮಗಳು, ಅವ್ವನ ತವರು ಯಾವುದು ಎನ್ನುವಷ್ಟರಲ್ಲಿ ಅವನೇ ತಡೆದ.

"ನಿಮ್ಮ ಊರು ಅದು ಅಂತ ಗೊತ್ತಿರಲಿಲ್ಲ. ಉಳಿದದ್ದು ಮೊದಲನೇ ವರ್ಷದಿಂದ ಗೊತ್ತೈತ್ರಿ ಮುತ್ತವ್ವಾರ. ಮಾವಗ ಮೊದಲ ಹೇಳಿದ್ದೆ. ನಿಮಗ ಏನೂ ತ್ರಾಸ ಆಗಬಾರದು ಅಂತನೇ ಎಲ್ಲಾರಿಗೂ ಹೊರಗ ಗಿಡದ ಕೆಳಗ ಊಟಕ್ಕ ಹಾಕಿಸಿದ್ವಿ. ಎಲ್ಲಾರಿಗೂ ಪತ್ರಾವಳಿ, ಎಲ್ಲಾರಿಗೂ ಕುಡಿಕಿ. ನಿಮ್ಮನ್ನ ಬ್ಯಾರೆ ಕೂಡಿಸಲಿಲ್ಲ."

"ನನ್ನ ಸಲುವಾಗಿ ಎಲ್ಲಾರನೂ ಹೊರಗ ಕೂಡಿಸಿದ್ರೇನು?"

"ಹಂಗಲ್ರಿ." ಅವನ ಕಿವಿ ಕೆಂಪಾದವು. "ಒಳ್ಳೇದಾಗ್ಲಿ ಅಂತ ಮಾಡಿದ್ವಿ."

ನಾನು ಕೆರೆಯ ವಿಷಯ ಹೇಳಿದೆ, ಅವ್ವನ ತಂಗಿಯ ವಿಷಯ. ಅವನು ಕಟ್ಟೆಯ ಮೇಲೆ ಕೂತುಬಿಟ್ಟ.

ಅವನಿಗೆ ಉಪಕಾರ ಹೇಳಬೇಕಿತ್ತೋ ಬಯ್ಯಬೇಕಿತ್ತೋ ತಿಳಿಯುತ್ತಿಲ್ಲ. ಒಳ್ಳೆಯ ಹುಡುಗ. ಅದೇ ತೊಡಕು. ಆ ದಿನದ ಗಾಳಿ ಮಾತ್ರ ನಿಜಕ್ಕೂ ತಂಪಾಗಿತ್ತು.

೩೦ ಜನವರಿ

ಪಾಠ ಮುಗಿದ ಮೇಲೆ ಮಾಸ್ತರರ ಹತ್ತಿರ ನಿಂತೆ. ಚಿತ್ರದಲ್ಲಿ ಮುಖ್ಯವಾದದ್ದು ಯಾವುದು ಎಂದು ಕೇಳಿದೆ.

"ಎಲ್ಲೆ ಕುಂತು ನೋಡ್ತೀವಿ ಅನ್ನೂದು. ಅರ್ಧಾ ಚಿತ್ರ ಅಲ್ಲೇ ಆಗಿಬಿಡತೈತಿ."

"ಆ ಜಾಗಾಕ್ಕ ಹೋಗಾಕ ಬರದಿದ್ದವ್ರು ಏನ್ ಮಾಡಬೇಕ್ರಿ?"

"ಕೆಸರು ಗಿಸರು ಇದ್ರ ಬ್ಯಾರೆ ಕಡೆ ಹುಡುಕೂದು, ಅದರಾಗೇನೈತಿ?" ಎಂದು ನಕ್ಕು ಕನ್ನಡಕ ಒರೆಸಿಕೊಂಡರು. ಒರೆಸುತ್ತ ಒರೆಸುತ್ತ ನಗು ನಿಂತಿತು. ನನ್ನನ್ನು ನೋಡಿದರು. "ಏನ್ ಕೇಳಾಕತ್ತಿ ತಂಗಿ ನೀ?" ಅಂದರು.

ನನಗೇ ಸರಿಯಾಗಿ ಗೊತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಬಂದೆ.

೧೨ ಫೆಬ್ರವರಿ, ರವಿವಾರ

ಆಚೆ ದಂಡೆಗೆ ಹೋಗಿ ಕೂತು ಬರೆಯುತ್ತೇನೆ ಎಂದು ಮೊನ್ನೆ ಊಟದ ಹೊತ್ತಿನಲ್ಲಿ ಹೇಳಿದ್ದೆ. ಅಪ್ಪ ತಾನು ಬರುತ್ತೇನೆ ಅಂದ. ಅವ್ವ ರೊಟ್ಟಿ ಬಡಿಸುತ್ತ ಹೋಗಿದ್ದಳು. ಇವತ್ತು ಬೆಳಗಾಗೆದ್ದು ನೋಡಿದರೆ ಸೀರೆ ಬದಲಿಸಿ, ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. "ನಡಿ" ಅಂದಳು.

ಮುಗದದಿಂದ ನಡೆಯುವಾಗ ಊರೊಳಗಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಕರೆದುಕೊಂಡು ಹೋದಳು. ಯಾರನ್ನೂ ಕೇಳಲಿಲ್ಲ, ಕಾಲಿಗೇ ಗೊತ್ತಿತ್ತು. ಕೇರಿಯಲ್ಲಿ ಯಂಕವ್ವ ಅತ್ತೆ ಇದ್ದಾಳೆ, ತೀರಿಹೋದ ನನ್ನ ಸೋದರಮಾವನ ಹೆಂಡತಿ. ಅವ್ವನನ್ನು ನೋಡಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು.

"ಆ ಕಡೆ ಈಗ ಯಾರ ಹೋಗ್ತಾರ?" ಅಂದಳು ಯಂಕವ್ವ ಅತ್ತೆ. "ಸರಕಾರದ್ದು ಬಾವಿ ಆಗೇತಿ ಕೇರ್ಯಾಗ. ಅಲ್ಲೆ ಬರೇ ಜಾಲಿ ಬೆಳದೈತಿ."

ನಿಜ. ಮುಳ್ಳು ಸರಿಸಿ ಸರಿಸಿ ನೀರಿನ ಹತ್ತಿರ ಹೋದೆವು. ಕೆರೆ ಡಿಸೆಂಬರಿನಷ್ಟು ತುಂಬಿರಲಿಲ್ಲ, ಅಂಚಿನಲ್ಲಿ ಕಪ್ಪು ಮಣ್ಣು ಬಿರಿದಿತ್ತು. ಅವ್ವ ಒಂದು ಕಡೆ ನಿಂತು, "ಇಲ್ಲೇ" ಅಂದಳು. ನಾಲ್ಕು ಹೆಜ್ಜೆ ಹೋಗಿ, "ಇಲ್ಲ, ಇಲ್ಲೆ" ಅಂದಳು. ಮತ್ತೆ ಹಿಂದಕ್ಕೆ ಬಂದಳು. ದೊಡ್ಡ ಕಲ್ಲೊಂದನ್ನು ಮುಟ್ಟಿ ನೋಡಿದಳು. "ಇದ ಕಲ್ಲು ಹೌದು. ಆದ್ರ ನೀರು ಇಲ್ಲೀತನಕ ಇತ್ತು. ಇಲ್ಲ, ಅದು ಆ ಕಲ್ಲು." ಹೀಗೇ ಅತ್ತ ಇತ್ತ ತಿರುಗಿದಳು. ಇಪ್ಪತ್ತೆರಡು ವರ್ಷ ಆ ಜಾಗಕ್ಕೆ ಹೆದರಿ ಬದುಕಿದವಳಿಗೆ ಜಾಗವೇ ಸಿಗಲಿಲ್ಲ. ಕೊನೆಗೆ ನನ್ನ ಮುಖ ನೋಡಿದಳು, ನನಗೆ ಗೊತ್ತಿರುತ್ತದೆ ಎನ್ನುವ ಹಾಗೆ.

ನಾನು ಬೋರ್ಡು ಬಿಚ್ಚಿ ಅಲ್ಲೇ ಕೂತೆ. ನೀರು ತರಲು ಡಬ್ಬಿ ಹಿಡಿದೆ. "ನೀ ಇಳೀಬ್ಯಾಡ" ಎಂದು ಗಟ್ಟಿಯಾಗಿ ಅಂದಳು. ಕುಡಿಯಲು ತಂದ ತಂಬಿಗೆಯ ನೀರಿನಲ್ಲೇ ಬಣ್ಣ ಕಲೆಸಿದೆ.

ಇಲ್ಲಿಂದ ಎಲ್ಲವೂ ತಿರುಗುಮುರುಗು. ಎದುರಿಗೆ ಗುಡಿ ಕಡಲೆಕಾಳಿನಷ್ಟು. ಪಾವಟಿಗೆಗಳು ನಾಲ್ಕು ಗೆರೆ. ಮೇಲೆ ಯಾರೋ ನಿಂತಿದ್ದರು, ಗಂಡೋ ಹೆಣ್ಣೋ ತಿಳಿಯದಷ್ಟು ದೂರ. ಹತ್ತಿರದಲ್ಲಿ ಮಣ್ಣು, ಮುಳ್ಳು, ಇಳಿಜಾರು. ದೂರದ್ದಕ್ಕೆ ನೀಲಿ ಬೆರೆಸಬೇಕೆಂಬುದು ಮರೆತೇಹೋಯಿತು.

ಅವ್ವನನ್ನು ಹಾಕಬೇಕೆಂದು ಕುಂಚ ಎತ್ತಿದಾಗ ಅವಳಿಗೆ ಹೇಗೆ ಗೊತ್ತಾಯಿತೋ. ಬಂದು ನನ್ನ ಪಕ್ಕ ಕೂತಳು.

"ನನ್ನ ತಗೀಬ್ಯಾಡ. ಆಕಿನ್ನೂ ತಗೀಬ್ಯಾಡ."

"ಮತ್ತೇನು ತಗೀಲಿ?"

ಬಹಳ ಹೊತ್ತು ನೀರು ನೋಡಿದಳು. "ದಾರಿ ತಗಿ" ಅಂದಳು.

"ಎಲ್ಲೈತಿ ದಾರಿ?"

"ಇತ್ತು. ಆ ಕಲ್ಲಿನ ಬಾಜೂಕ ಹಾದು ಬರತಿತ್ತು. ಮುಂದ ತಿರವು. ಅಲ್ಲೆ ಇಕ್ಕಟ್ಟು, ಎದುರಿಗೆ ತುಂಬಿದ ಕೊಡಾ ಬಂತಂದ್ರ ಖಾಲಿ ಕೊಡದಾಕಿ ನಿಲ್ಲಬೇಕು. ಅಲ್ಲೆ ನಿಂತು ನಾವು ಮಾತಾಡತಿದ್ವಿ, ನಗತಿದ್ವಿ. ಆಮ್ಯಾಲೆ ಸೀದಾ ನೀರಿಗೆ ಇಳೀತಿತ್ತು."

ಅವಳು ಹೇಳುತ್ತ ಹೋದಳು, ನಾನು ಹಾಕುತ್ತ ಹೋದೆ. ಯಾವಾಗ ಎದುರಿನದನ್ನು ನೋಡುವುದು ಬಿಟ್ಟೆನೋ ಗೊತ್ತಿಲ್ಲ. ಸಂಜೆಯ ಗಾಡಿ ತಪ್ಪುವುದರಲ್ಲಿತ್ತು. ಮೂಲೆಯಲ್ಲಿ ಹೆಸರು ಬರೆಯಲೋ ಬೇಡವೋ ಎಂದು ಅವ್ವನನ್ನು ಕೇಳಿದೆ. "ಬರಿ" ಅಂದಳು.

೨೨ ಫೆಬ್ರವರಿ

ಮಾಸ್ತರರು ಹೊಸ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಈ ದಾರಿ ಅಲ್ಲೆ ಐತೇನು?"

"ಇತ್ರಿ."

"ಈಗ?"

"ಇಲ್ರಿ."

"ಎದುರಿಗಿದ್ದದ್ದನ್ನ ಬರೀರಿ ಅಂತ ನಾ ಕಲಿಸೀನಿ. ಇಲ್ಲದ್ದನ್ನ ಬರದ್ರ ನಿಸರ್ಗಚಿತ್ರ ಹೆಂಗಾದೀತು?"

ಅವರು ಹೇಳುವುದೂ ಸರಿ. ಆದರೂ ಪ್ರದರ್ಶನಕ್ಕೆ ಹಳೆಯದನ್ನು ಕೊಡುವುದಿಲ್ಲ, ಇದನ್ನೇ ಕೊಡುತ್ತೇನೆ ಎಂದೆ. ಮಾಸ್ತರರು ನಿಟ್ಟುಸಿರುಬಿಟ್ಟು ಪಟ್ಟಿಯಲ್ಲಿ ತಿದ್ದಿಕೊಂಡರು. ಎದುರು ಗೋಡೆಗೆ ರತ್ನವ್ವನದು ಹಾಕುತ್ತಾರೆ. ಒಳ್ಳೆಯದಾಯಿತು, ಅವಳ ಮಾವಿನ ತೋಪು ಚಂದ ಬಂದಿದೆ.

೫ ಮಾರ್ಚ್, ರವಿವಾರ

ಪ್ರದರ್ಶನ. ನನ್ನದು ಬಾಗಿಲ ಹತ್ತಿರದ ಗೋಡೆಯಲ್ಲಿ. ಗೌಡರು ರುಮಾಲು ಸುತ್ತಿ, ಬಿಳಿ ಅಂಗಿ ತೊಟ್ಟು, ಕುಬೇರಪ್ಪನ ಜೊತೆ ಬಂದರು. ಚಿತ್ರದ ಮುಂದೆ ನಿಂತರು.

"ಇದು ಯಾ ಊರ ಕೆರಿ?"

"ನಿಮ್ಮ ಊರಿಂದ್ರಿ."

"ಅಲ್ಲ ಇದು." ಹತ್ತಿರ ಹೋಗಿ ನೋಡಿದರು. ಗುಡಿಯ ಮೇಲೆ ಬೆರಳಿಟ್ಟರು. "ಆಚಿ ದಂಡಿಯಿಂದ ನಾ ಎಂದೂ ನೋಡಿಲ್ಲ" ಅಂದರು. "ಆ ಮೊದಲಿಂದು ಎಲ್ಲೈತಿ?"

"ಅದು ಕೊಡೂದಿಲ್ರಿ. ಬೇಕಾದ್ರ ಇದನ್ನ ಕೊಡ್ತೀನಿ."

ಕುಬೇರಪ್ಪ ನೆಲ ನೋಡುತ್ತಿದ್ದ. ಗೌಡರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಟ್ಟಿಗೆದ್ದರೆಂದು ಅನಿಸಲಿಲ್ಲ. ಗೊಂದಲವೇ ಹೆಚ್ಚಿತ್ತು. "ಮನೀಗೆ ಬಂದವ್ರು ಕೇಳಿದ್ರ ನಾ ಏನ್ ಹೇಳಲಿ?" ಅಂದರು.

"ಆ ಕಡೆಯಿಂದ ಹಿಂಗ ಕಾಣತೈತಿ ಅಂತ ಹೇಳ್ರಿ."

"ಅಲ್ಲೆ ದಾರಿ ಇಲ್ಲವಾ."

"ಇತ್ರಿ."

ಗೌಡರು ಹೊರಟರು. ಉಳಿದ ಚಿತ್ರಗಳನ್ನೂ ನೋಡಲಿಲ್ಲ. ಆಮೇಲೆ ರತ್ನವ್ವನೊಡನೆ ಹೋಗಿ ಮಿರ್ಚಿ ತಿಂದೆ. ಬಹಳ ಖಾರವಿತ್ತು.

೧೨ ಏಪ್ರಿಲ್

ಇತಿಹಾಸದ ಪತ್ರಿಕೆ ಮುಗಿಯಿತು. ಬಂದದ್ದು ಅದೇ ಪ್ರಶ್ನೆ, ನಿಸರ್ಗಚಿತ್ರದ ವಿಕಾಸ. ಮಾಸ್ತರರು ಹೇಳಿದ ಕ್ರಮದಲ್ಲೇ ಶುರು ಮಾಡಿದೆ. ಮನುಷ್ಯ ಚಿತ್ರದಿಂದ ಹೊರಗೆ ಹೋದನು ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಹೋದವರು ಎಲ್ಲಿಯೋ ನಿಂತೇ ಇರುತ್ತಾರೆ, ಕೆಲವರು ನೋಡುವ ಜಾಗದಲ್ಲಿ, ಕೆಲವರು ಯಾರೂ ನೋಡದ ಜಾಗದಲ್ಲಿ ಎಂದು ಏನೇನೋ ಬರೆದೆ. ಚೀನಾದ ಚಿತ್ರದ ಬಗ್ಗೆ ಎರಡು ಪುಟ ಬರೆದೆ, ಅಷ್ಟು ಬೇಕಿರಲಿಲ್ಲ. ಕೊನೆಯ ಪ್ರಶ್ನೆಗೆ ಹೊತ್ತು ಸಾಲಲಿಲ್ಲ. ಪಾಸಾಗುವುದು ಕಷ್ಟ.

೧೧ ಜೂನ್, ರವಿವಾರ

ಫಲಿತಾಂಶ ಬಂದಿದೆ. ಎರಡನೇ ದರ್ಜೆ. ಇತಿಹಾಸದಲ್ಲಿ ಹೇಗೋ ದಾಟಿದ್ದೇನೆ.

ಸುದ್ದಿ ತಂದವನು ಕುಬೇರಪ್ಪ. ಹಳೇ ಹುಬ್ಬಳ್ಳಿಯ ನಮ್ಮ ಓಣಿ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ. ಅಪ್ಪ ಒಳಗೆ ಕರೆದು ಚಾಪೆ ಹಾಸಿದ. ಅವ್ವ ಚಹ ಮಾಡಿ ಕಪ್ಪು ಬಸಿ ಅವನ ಮುಂದೆ ಇಟ್ಟು, ದೂರ ಸರಿದು ನಿಂತಳು. ಅವನು ಕುಡಿದ. ಪೂರ್ತಿ ಕುಡಿದು, ಬಸಿಯಲ್ಲಿ ಚೆಲ್ಲಿದ್ದನ್ನೂ ಕುಡಿದ.

ಆಮೇಲೆ, "ಒಂದು ಮಾತು ಹೇಳಬೇಕಾಗಿತ್ರಿ" ಅಂದ. "ಮಾವ ಆಚಿ ದಂಡಿಗೆ ಹೋಗಿದ್ದ. ಒಬ್ಬಾಂವನೇ. ಧೋತ್ರದ ತುಂಬ ಮುಳ್ಳು ಮಾಡಿಕೊಂಡು, ಕೈ ತರಚಿಕೊಂಡು ಬಂದ. ಅತ್ತಿ ಮುಂದ ಬೈಯಾಕತ್ತಿದ್ದ, ಆ ಹುಡುಗಿ ಸುಳ್ಳು ಬರದಾಳ, ಅಲ್ಲ್ಯಾವ ದಾರಿನೂ ಇಲ್ಲ ಅಂತ."

ಅಪ್ಪನ ಮುಖ ಬಿಗಿಯಾಯಿತು. ನನಗೂ ಚುಚ್ಚಿತು.

ಅವ್ವ ಮೂಲೆಯಿಂದ, "ಗೌಡ್ರು ಹೋಗಿದ್ರೇನು?" ಅಂದಳು.

"ಹೂಂ ಅವಾ. ಬಾಳ ಹೊತ್ತು ಹುಡುಕ್ಯಾನಂತ."

"ನೀರಿನ ತನಕ ಹೋದ್ರೇನು?"

"ಹೋಗಿದ್ದಾನ್ರಿ. ಕಾಲ್ಮರಿ ಎಲ್ಲಾ ಮಣ್ಣಾಗಿತ್ತು."

"ಜಾರಿಲ್ಲಲ್ಲ?"

ಕುಬೇರಪ್ಪ ತಬ್ಬಿಬ್ಬಾಗಿ ನನ್ನ ಮುಖ ನೋಡಿದ. "ಇಲ್ರಿ" ಅಂದ.

ಅವ್ವ ಹತ್ತಿರ ಬಂದು ಅವನ ಖಾಲಿ ಕಪ್ಪನ್ನು ಎತ್ತಿಕೊಂಡಳು. ಗೂಡಿನ ಮುಂದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು. ಅವಳ ಹೆಗಲು ಅಲುಗುತ್ತಿದ್ದವು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ತಿಳಿಯಲಿಲ್ಲ.

"ಮಳಿಗಾಲದಾಗ ಹೋಗಬ್ಯಾಡ್ರಿ ಅಂತ ಹೇಳು ಅವರಿಗೆ" ಅಂದಳು. "ಅಲ್ಲೆ ಬಾಳ ಜಾರತೈತಿ."